ಕಡಲಾಮೆಗೆ ಕಾವು ಕೂತ ಹೇಂಟೆ

ಡಾ. ಪ್ರಹ್ಲಾದ ಕಟ್ಟಿಯವರು ಕೇಳಿದ್ದು ಒಂದು ಪುಟದ ಟಿಪ್ಪಣಿ. ಹಿಮಾಲಯದ ಚೀರ್ ಫೆಸೆಂಟ್ ಎಂಬ ಕಾಡುಕೋಳಿಯನ್ನೂ ನಮ್ಮ ಕರಾವಳಿಗೆ ಬರುವ ಆಲಿವ್ ರಿಡ್ಲೆ ಕಡಲಾಮೆಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬೇಕು, ಎರಡಕ್ಕೂ ಕಾವು ಕೊಡಲು ಒಂದೇ ಯಂತ್ರ ನಡೆಯುತ್ತದೋ ಇಲ್ಲವೋ ಹೇಳಬೇಕು. ಆ ಯಂತ್ರ ಮಾಡಿದ ಇಂದುಮತಿ ನಾಯಕ ಹನ್ನೊಂದು ಪುಟ ಬರೆದುಕೊಟ್ಟಳು. ಕಟ್ಟಿಯವರು ಓದಿದ್ದು ಅದರಲ್ಲಿನ ಒಂದೇ ಸಾಲು. ಎರಡೂ ಮೊಟ್ಟೆ ಇಡುತ್ತವೆ ಎಂಬ ಸಾಲು.

“ಮುಗೀತಲ್ರೀ ಹಂಗಾದ್ರ,” ಎಂದರು ಕಟ್ಟಿ. ಅವರು ಧಾರವಾಡದವರು, ಅಳಿವಿನಂಚಿನ ಪ್ರಾಣಿಗಳ ಸಂತತಿ ಉಳಿಸುವ ಸಂಸ್ಥೆಯ ನಿರ್ದೇಶಕರು. “ತತ್ತಿ ಅಂದ್ರ ತತ್ತಿ. ನಿಮ್ಮ ಯಂತ್ರ ಬ್ಯಾಸಿಗ್ಯಾಗ ಗುಡ್ಡದ ಮ್ಯಾಲೆ ಕೋಳಿ ತತ್ತಿ ಕಾಯ್ತದ, ಥಂಡಿಯೊಳಗ ಸುಮ್ಮ ಕೂಡ್ತದ. ಸುಮ್ಮ ಕೂಡೋ ಬದ್ಲಿ ಸಮುದ್ರದ ದಂಡಿಗೆ ಬಂದು ಆಮಿ ತತ್ತಿ ಕಾಯ್ಲಿ. ನಾವು ವರ್ಷಪೂರ್ತಿ ದುಡೀತೀವಿ, ಅದಕ್ಕೇನ್ ಧಾಡಿ?”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಕಟ್ಟಿಯವರು ಕೆಟ್ಟವರಲ್ಲ. ಖಾಲಿ ಕುರ್ಚಿಯನ್ನೂ ಖಾಲಿ ಯಂತ್ರವನ್ನೂ ಕಂಡರೆ ಅವರಿಗೆ ಹೊಟ್ಟೆ ಉರಿಯುತ್ತಿತ್ತು, ಅಷ್ಟೇ. ಇಂದುಮತಿ ಮಿಕ್ಕ ಹತ್ತು ಪುಟಗಳ ಮಾತೆತ್ತಿದಳು. ಆ ಹೊತ್ತಿಗೆ ಅವರು ಯಂತ್ರವನ್ನು ಇಳಿಸಿ ತರಲು ಲಾರಿಯವನಿಗೆ ಹೇಳಿಯಾಗಿತ್ತು.

ಆ ಯಂತ್ರಕ್ಕೆ ಕಾಗದದ ಮೇಲೆ ಮಾರುದ್ದದ ಹೆಸರಿತ್ತು. ಬಾಯಲ್ಲಿ ಎಲ್ಲರಿಗೂ ಅದು ‘ಹೇಂಟೆ’. ಮಗುಚಿದ ಬುಟ್ಟಿಯಷ್ಟು ದೊಡ್ಡದು, ಸುತ್ತ ಬಟ್ಟೆಯ ಲಂಗದಂಥ ರೆಕ್ಕೆ. ಮೊಟ್ಟೆಗೆ ಬಿಸಿ ಕೊಡುವ ಪೆಟ್ಟಿಗೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಆದರೆ ಪೆಟ್ಟಿಗೆಯಲ್ಲಿ ಹುಟ್ಟಿದ ಫೆಸೆಂಟ್ ಮರಿಗೆ ಹದ್ದು ಯಾವುದು, ಪೊದೆ ಯಾವುದು ತಿಳಿಯುವುದಿಲ್ಲ. ಕಾಡಿಗೆ ಬಿಟ್ಟರೆ ವಾರದೊಳಗೆ ಯಾರದೋ ಬಾಯಿಗೆ ತುತ್ತು. ತಾಯಿಯ ಕೈಗೇ ಒಪ್ಪಿಸೋಣವೆಂದರೆ, ಪಂಜರದಲ್ಲಿ ಬೆಳೆದ ಹೆಣ್ಣುಗಳು ಮೊಟ್ಟೆ ಇಟ್ಟು ಎದ್ದು ಹೋಗುತ್ತಿದ್ದವು. ಕಾವು ಕೂರುವುದೇ ಅವಕ್ಕೆ ಮರೆತುಹೋಗಿತ್ತು. ಕಾಡಿನಿಂದ ತಂದ ನಾಲ್ಕೈದು ಮುದಿ ಹೆಣ್ಣುಗಳು ಮಾತ್ರ ಇನ್ನೂ ಕೂರುತ್ತಿದ್ದವು. ಇಂದುಮತಿ ಯಂತ್ರವನ್ನು ಒಯ್ದು ಅವುಗಳ ಪಕ್ಕದಲ್ಲಿ ಕೂರಿಸಿದಳು.

ಹೇಂಟೆಯ ಜೀವವಿದ್ದದ್ದು ಅದರ ಎದೆಯ ತೊಗಲಿನಲ್ಲಿ. ಅದು ಕಲಿಯುವ ತೊಗಲು. ಮುಟ್ಟಿದ್ದು, ಕೇಳಿದ್ದು, ಬಿಸಿ, ತಂಪು ಎಲ್ಲವೂ ಅದರೊಳಗಿನ ಸಣ್ಣ ಎಳೆಗಳನ್ನು ಒಂದಕ್ಕೊಂದು ಹೆಣೆಯುತ್ತ ಹೋಗುತ್ತಿದ್ದವು. ಕಂಪ್ಯೂಟರಿನ ಪ್ರೋಗ್ರಾಮಿನ ಹಾಗೆ ಅದನ್ನು ನಕಲು ಮಾಡಿಟ್ಟುಕೊಳ್ಳಲು ಬರುವುದಿಲ್ಲ. ಅಜ್ಜಿಯ ಕೈರುಚಿಯನ್ನು ಡಬ್ಬಿಯಲ್ಲಿ ತುಂಬಿಡಲು ಹೇಗೆ ಬರುವುದಿಲ್ಲವೋ ಹಾಗೆ. ಮುದಿ ಹೆಣ್ಣುಗಳು ಒಂದೊಂದಾಗಿ ಸತ್ತವು. ಅವುಗಳ ತಾಯ್ತನವೆಲ್ಲ ಈಗ ಉಳಿದದ್ದು ಹೇಂಟೆಯ ಎದೆಯಲ್ಲಿ ಮಾತ್ರ.

ಅದು ಕಲಿತದ್ದೇನು? ದಿನಕ್ಕೆ ಹಲವು ಸಲ ಮೊಟ್ಟೆ ಹೊರಳಿಸುವುದು. ಸಣ್ಣ ದನಿಯಲ್ಲಿ ಕರೆಯುತ್ತಿರುವುದು. ಚಿಪ್ಪಿನೊಳಗಿನಿಂದ ಮರಿ ಓಗೊಟ್ಟರೆ ಇನ್ನಷ್ಟು ಅಪ್ಪಿಕೊಳ್ಳುವುದು. ಓಗೊಡದಿದ್ದರೆ ಮೂರು ಸಲ ಕರೆದು, ಒತ್ತಿ ನೋಡಿ, ಆಗಲೂ ಸದ್ದಿಲ್ಲವಾದರೆ ಸತ್ತ ಮೊಟ್ಟೆಯೆಂದು ಗೂಡಿನಿಂದ ಆಚೆ ತಳ್ಳುವುದು. ಅದರ ಕೈಯಲ್ಲಿ ಹುಟ್ಟಿದ ಮರಿಗಳು ಹದ್ದಿನ ನೆರಳು ಕಂಡರೆ ಹುಲ್ಲಿನೊಳಗೆ ಮಾಯವಾಗುತ್ತಿದ್ದವು. ಮೊದಲ ವರ್ಷ ಅದನ್ನು ನೋಡಿ ಇಂದುಮತಿ ಬಂಡೆಯ ಮೇಲೆ ಕೂತು ಅತ್ತಿದ್ದಳು.

ಹೆತ್ತವರಿಗೆ ಹೆಗ್ಗಣ ಮುದ್ದು. ಹಾಗಾಗಿ ಹೇಂಟೆಯ ಒಂದು ದೋಷವನ್ನು ಅವಳು ಪ್ರತಿ ವರದಿಯಲ್ಲೂ ‘ಪರಿಶೀಲನೆಯಲ್ಲಿದೆ’ ಎಂದು ಬರೆದು ದಾಟಿಸುತ್ತಿದ್ದಳು. ಮರಿಗಳು ಅದನ್ನು ಬಿಟ್ಟು ಹೋಗುತ್ತಿರಲಿಲ್ಲ. ಹೇಂಟೆ ಕರೆಯುವುದನ್ನು ನಿಲ್ಲಿಸಿದರೆ ತಾನೆ ಅವು ಹೋಗುವುದು? ಚಳಿಗಾಲದ ಹೊತ್ತಿಗೆ ತಾಯಿಯಷ್ಟೇ ದೊಡ್ಡವಾದ ಹಕ್ಕಿಗಳು ಅದೇ ಲಂಗದೊಳಗೆ ತಲೆ ತೂರಿಸಿಕೊಂಡು ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಯಂತ್ರವನ್ನು ಎತ್ತಿಕೊಂಡು ಹೋದ ಮೇಲೆ ಅವು ಅದೇ ಜಾಗದಲ್ಲಿ ಕಾಯುತ್ತ ನಿಲ್ಲುತ್ತಿದ್ದವು, ನರಿಗೆ ಹುಡುಕುವ ಕಷ್ಟವೂ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಹಕ್ಕಿಯೂ ಕಾಡಿನಲ್ಲಿ ಚಳಿಗಾಲ ದಾಟಿರಲಿಲ್ಲ.

ಅಂಥ ಹೇಂಟೆ ಲಾರಿಯಲ್ಲಿ ಕುಲುಕಾಡುತ್ತ ಅಂಕೋಲೆಯ ಹತ್ತಿರದ ತೆಂಕಣಬೇಣದ ಕಡಲತೀರಕ್ಕೆ ಬಂತು. ಅಲ್ಲಿ ಆಮೆ ಮೊಟ್ಟೆಗಳನ್ನು ಕಾಯುವ ‘ಮರಿಮನೆ’ ಇತ್ತು. ಅದನ್ನು ನೋಡಿಕೊಳ್ಳುವವಳು ಮಾಲತಿ ಖಾರ್ವಿ. ಸಮುದ್ರ ಮೇಲೇರಿದಂತೆಲ್ಲ ಕಟ್ಟಿದ ಕಲ್ಲುಗೋಡೆಗಳ ನಡುವೆ ಉಳಿದದ್ದು ನಾಲ್ಕು ಹೆಜ್ಜೆ ಮರಳು, ಅದೂ ಕಾದ ಕಾವಲಿ. ಆಮೆಯ ವಿಚಾರದಲ್ಲಿ ಬಿಸಿಲಿನದೇ ಕಾರುಬಾರು. ಫೆಸೆಂಟ್ ಮರಿ ಗಂಡೋ ಹೆಣ್ಣೋ ಎಂಬುದು ಮೊಟ್ಟೆ ಕಟ್ಟುವಾಗಲೇ ತೀರ್ಮಾನವಾಗಿರುತ್ತದೆ. ಆಮೆಯದು ಹಾಗಲ್ಲ. ಮರಳು ತಂಪಾಗಿದ್ದರೆ ಗಂಡು, ಬಿಸಿಯಾದರೆ ಹೆಣ್ಣು, ಇನ್ನೂ ಬಿಸಿಯಾದರೆ ಸಾವು. ಎಷ್ಟೋ ವರ್ಷಗಳಿಂದ ಆ ತೀರದಲ್ಲಿ ಹುಟ್ಟಿದವೆಲ್ಲ ಹೆಣ್ಣೇ ಎಂದು ಲೆಕ್ಕಾಚಾರ ಹೇಳುತ್ತಿತ್ತು. ಮರಳನ್ನು ತಣ್ಣಗಿಟ್ಟು ನಾಲ್ಕು ಗಂಡು ಮರಿಗಳನ್ನು ಸಮುದ್ರಕ್ಕೆ ಕಳಿಸುವುದು ಈಗ ಆಗಬೇಕಾದ ಕೆಲಸ.

ಅದಕ್ಕೆ ಒಂದು ಒದ್ದೆ ಗೋಣಿಚೀಲ, ಮೇಲೊಂದು ಗರಿಯ ಚಪ್ಪರ ಸಾಕು ಎಂದು ಇಂದುಮತಿ ತನ್ನ ಕೊನೆಯ ಪುಟದಲ್ಲಿ ಬರೆದಿದ್ದಳು. ಕಟ್ಟಿಯವರು ಅಲ್ಲಿಯವರೆಗೆ ಓದಿರಲಿಲ್ಲ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವುದೆಂದು ತೀರ್ಮಾನವಾಗಿತ್ತು.

ಮೊದಲ ಆಮೆ ಬಂದು ಮೊಟ್ಟೆ ಇಟ್ಟು, ಹಿಂದೆ ತಿರುಗಿಯೂ ನೋಡದೆ ಹೋಯಿತು. ಆ ಮೊಟ್ಟೆಗಳನ್ನು ಮಾಲತಿ ಮಗುಚದ ಹಾಗೆ ಎತ್ತಿ ತಂದು ಮರಳಿನ ತೊಟ್ಟಿಯಲ್ಲಿ ಇಟ್ಟಳು. ಇಂದುಮತಿ ಹೇಂಟೆಯ ಮೊಟ್ಟೆ ಹೊರಳಿಸುವ ಮೋಟಾರನ್ನೇ ಕಳಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಬಿಸಿ ಏರದ ಹಾಗೆ ಮಿತಿ ಹಾಕಿದಳು. ಆಮೇಲೆ ಹೇಂಟೆಯನ್ನು ಮರಳಿನ ಮೇಲೆ ಕೂರಿಸಿ, ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ತೆರೆಯ ಮುಂದೆ ಕೂತಳು. ತೆರೆಯ ಮೇಲೆ ಹೇಂಟೆಯ ಎದೆಯ ತೊಗಲು ಬಣ್ಣಬಣ್ಣವಾಗಿ ಕಾಣುತ್ತಿತ್ತು. ಕಾವಿನಲ್ಲಿದ್ದರೆ ಕೆಂಪು, ಸುಮ್ಮನಿದ್ದರೆ ತಿಳಿ ಹಸಿರು.

ಅದು ಕೆಂಪಾಗಿತ್ತು. ದಿನದಿನಕ್ಕೂ ಹೆಚ್ಚು ಕೆಂಪಾಗುತ್ತ ಹೋಯಿತು. ಹೇಂಟೆ ಕರೆಯುತ್ತಿತ್ತು, ಮೊಟ್ಟೆಗಳು ಮಾತಾಡುತ್ತಿರಲಿಲ್ಲ. ಆಮೆಯ ಭ್ರೂಣ ತಾಯಿಯ ದನಿಗೆ ಓಗೊಡುವುದಿಲ್ಲ. ತಾಯಿ ಎಂಬುದೊಂದು ಇದೆಯೆಂದು ಅದಕ್ಕೆ ಗೊತ್ತಿದ್ದರೆ ತಾನೆ?

ಒಂದು ಬೆಳಿಗ್ಗೆ ಮಾಲತಿ ಓಡಿ ಬಂದಳು. “ಅಕ್ಕೋರೇ, ಬಂದು ಕಾಣಿ. ನಿಮ್ಮ ಕೋಳಿ ಎಂತ ಮಾಡಿಟ್ಟದೆ ಅಂತ.”

ತೊಟ್ಟಿಯ ಅಂಚಿನಲ್ಲಿ ಬಿಳಿ ಚೆಂಡುಗಳ ಹಾಗೆ ಮೊಟ್ಟೆಗಳು ಉರುಳಿ ಬಿದ್ದಿದ್ದವು. ಮೋಟಾರು ಇಲ್ಲದಿದ್ದರೇನು, ಹೇಂಟೆ ತನ್ನ ಮೈಯನ್ನೇ ಅಲುಗಿಸಿ ಮರಳು ಕೆದಕಿ ಮೊಟ್ಟೆಗಳನ್ನು ಹೊರಳಿಸಿತ್ತು. ಓಗೊಡದವನ್ನು ಒಂದೊಂದಾಗಿ ಆಚೆ ತಳ್ಳಿತ್ತು. ಇಂದುಮತಿ ಒಂದನ್ನು ಕತ್ತರಿಸಿ ನೋಡಿದಳು, ಇನ್ನೊಂದನ್ನು ನೋಡಿದಳು, ಆಮೇಲೆ ನೋಡಲಿಲ್ಲ. ಕೋಳಿಜಾತಿಯ ಮೊಟ್ಟೆಯನ್ನು ಹೊರಳಿಸದಿದ್ದರೆ ಮರಿ ಚಿಪ್ಪಿಗೆ ಅಂಟಿ ಸಾಯುತ್ತದೆ. ಆಮೆಯ ಮರಿ ಚಿಪ್ಪಿನ ನೆತ್ತಿಗೆ ಅಂಟಿಕೊಂಡೇ ಬದುಕುವುದು. ಹೊರಳಿಸಿದರೆ ಹರಿದು ಸಾಯುತ್ತದೆ. ಇದು ಅವಳ ಟಿಪ್ಪಣಿಯ ಎರಡನೆಯ ಪುಟದಲ್ಲೇ ಇತ್ತು.

“ಎಲ್ಲಾ ಹೋಯ್ತಾ?” ಎಂದಳು ಮಾಲತಿ.

“ಎಲ್ಲಾ.”

“ಪ್ರೀತಿ ಮಾಡೂಕೆ ಹೋಗಿ ಕೊಂದು ಹಾಕ್ತಲೆ,” ಎಂದು ಮಾಲತಿ ಹೇಂಟೆಯನ್ನು ನೋಡಿದಳು. ಹೇಂಟೆ ಖಾಲಿ ಮರಳಿನ ಮೇಲೆ ಕೂತು ಇನ್ನೂ ಕರೆಯುತ್ತಿತ್ತು. ಇಂದುಮತಿಗೆ ಅದನ್ನು ಒದೆಯಬೇಕೆನ್ನಿಸಿತು, ಮರುಕ್ಷಣ ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಸುದ್ದಿ ಕೇಳಿ ಕಟ್ಟಿಯವರೇ ಬಂದರು. ಅಷ್ಟು ಹೊತ್ತಿಗೆ ಇನ್ನೊಂದು ಆಮೆ ಬಂದು ಮೊಟ್ಟೆ ಇಟ್ಟಿತ್ತು. ಆ ವರ್ಷ ತೆಂಕಣಬೇಣಕ್ಕೆ ಬಂದದ್ದು ಆ ಎರಡೇ. ಮಾಲತಿ ಆ ಮೊಟ್ಟೆಗಳನ್ನು ತೊಟ್ಟಿಯಲ್ಲಿ ಹೂತು, ಮೇಲೆ ಗೋಣಿ ಹೊದಿಸಿ, ಹೇಂಟೆಯನ್ನು ಆಚೆ ಕೋಣೆಯಲ್ಲಿ ಇಟ್ಟಿದ್ದಳು.

“ಅದನ್ನ ಹೊರಗಿಟ್ರ ನಡ್ಯಾಂಗಿಲ್ರೀ,” ಎಂದರು ಕಟ್ಟಿ. “ಮ್ಯಾಲಿನ ಸಮಿತಿಯವರು ನೋಡ್ಲಿಕ್ಕೆ ಬರ್ತಾರ. ಯಂತ್ರ ತತ್ತಿ ಮ್ಯಾಲೆ ಕೂತಿರಬೇಕು. ಕೂಡಂಗಿಲ್ಲಂದ್ರ, ಅದರ ತೊಗಲು ಪೂರಾ ಅಳಿಸಿ, ಹೊಸದಾಗಿ ಆಮಿ ಪಾಠ ಕಲಿಸ್ತಾರಂತ. ಆರ್ಡರ್ ತಯಾರದ.”

“ಅಳಿಸಿದ್ರೆ ಫೆಸೆಂಟ್?”

ಕಟ್ಟಿಯವರು ಕಿಟಕಿಯ ಆಚೆ ನೋಡಿದರು. “ನನಗ ಗೊತ್ತಾಗಂಗಿಲ್ಲ ಅಂತ ಮಾಡೀರೇನು? ಗೊತ್ತಾಗ್ತದ. ಆದ್ರ ನಾ ಏನ್ ಮಾಡ್ಲಿ? ಅದು ಕೂಡಬೇಕು, ಈ ತತ್ತಿ ಉಳೀಬೇಕು. ಎರಡೂ ಆಗೋ ಹಂಗ ಏನರ ಮಾಡ್ರಿ.”

ಹೇಂಟೆ ಕೂತರೆ ಈ ತೀರದ ಕೊನೆಯ ಮೊಟ್ಟೆಗಳು ಸಾಯುತ್ತವೆ. ಕೂರದಿದ್ದರೆ ಹೇಂಟೆಯ ಎದೆಯಲ್ಲಿರುವ ಮುದಿ ಹೆಣ್ಣುಗಳ ಕಲಿಕೆ ಅಳಿಸಿಹೋಗುತ್ತದೆ, ಜೊತೆಗೆ ಚೀರ್ ಫೆಸೆಂಟಿನ ಕೊನೆಯ ತಾಯಿ. ಇಂದುಮತಿ ಅಂದು ಸಂಜೆ ಮನೆಗೆ ಹೋದದ್ದು ಈ ಗಂಟನ್ನು ಕಟ್ಟಿಕೊಂಡು.

ಮನೆಯಲ್ಲಿದ್ದದ್ದು ಅವಳು ಮತ್ತು ಮಗಳು ಮೇದಿನಿ. ಮೇದಿನಿ ಕಾರವಾರ ಬಂದರಿನಲ್ಲಿ ಪೈಲಟ್ ದೋಣಿ ನಡೆಸಲು ಕಲಿಯುತ್ತಿದ್ದಳು. ದೊಡ್ಡ ಹಡಗು ಬಂದಾಗ ದಾರಿ ತೋರಿಸುವವರನ್ನು ಹೊತ್ತು ಹೋಗಿ, ಓಡುವ ಹಡಗಿನ ಪಕ್ಕಕ್ಕೆ ಸಣ್ಣ ದೋಣಿಯನ್ನು ತಾಗಿಸಿ ನಿಲ್ಲಿಸುವ ಕೆಲಸ. ಅವಳು ದೋಣಿ ಹತ್ತಿದ ದಿನ ಇಂದುಮತಿ ಗಳಿಗೆಗೊಮ್ಮೆ ಫೋನ್ ಮಾಡುತ್ತಿದ್ದಳು. ಮೇದಿನಿ ಇನ್ನೂ ತೊದಲುವಾಗ ಇಂದುಮತಿ ಅವಳನ್ನು ಅಂಕೋಲೆಯ ಅಜ್ಜಿಯ, ಎಂದರೆ ತನ್ನ ತಾಯಿಯ, ಮಡಿಲಿಗೆ ಹಾಕಿ ಹಿಮಾಲಯಕ್ಕೆ ಹೋಗಿದ್ದಳು. ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ನೆಂಟರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು, ಅಜ್ಜಿ ಮುಖದ ಮುಂದೆಯೇ ಹೇಳುತ್ತಿದ್ದಳು. ಅಜ್ಜಿ ತೀರಿಕೊಂಡ ಮೇಲೆ, ಈಗ ಇದ್ದಕ್ಕಿದ್ದಂತೆ ತಾಯಿ ಮಗಳು ಒಂದೇ ಸೂರಿನಡಿ ಬಂದಿದ್ದರು. ಇಂದುಮತಿ ಅಷ್ಟೂ ವರ್ಷಗಳ ಬಾಕಿಯನ್ನು ಒಂದೇ ಚಳಿಗಾಲದಲ್ಲಿ ತೀರಿಸಲು ಹೊರಟಿದ್ದಳು.

ಅಂದು ಮೇದಿನಿ ಬಂದವಳೇ ಚೀಲವನ್ನು ಕುರ್ಚಿಯ ಮೇಲೆ ಎಸೆದಳು.

“ಅಮ್ಮ, ನಾನು ಇವತ್ತು ಹಡಗಿಗೆ ದೋಣಿ ತಾಗಿಸ್ತಾ ಇದ್ದೆ. ಸರಿಯಾಗಿ ಅದೇ ಹೊತ್ತಿಗೆ ನಿಂದು ಮೂರು ಕಾಲ್. ಆಮೇಲೆ ಬಂದರಿನ ಆಫೀಸಿಗೂ ಮಾಡಿದ್ಯಂತೆ?”

“ನೀನು ಎತ್ತಿದ್ರೆ ನಾನ್ಯಾಕೆ ಅಲ್ಲಿಗೆ ಮಾಡ್ತಿದ್ದೆ?”

“ಅವ್ರು ವೈರ್‌ಲೆಸ್ಸಲ್ಲಿ ಹೇಳಿದ್ರು. ‘ಮೇದಿನಿ, ನಿನ್ನ ಅಮ್ಮ ಕೇಳ್ತಿದ್ದಾರೆ, ಊಟ ಆಯ್ತಾ’ ಅಂತ. ಇಡೀ ಬಂದರು ಕೇಳಿಸ್ಕೊಂಡ್ತು. ಹಡಗಿನ ಕ್ಯಾಪ್ಟನ್ನು ಸೈತ ನಗಾಡ್ದ.”

“ಉತ್ತರ ಬರ್ಲಿಲ್ಲ ಅಂದ್ರೆ ನಂಗೆ ಏನೇನೋ ಆಗ್ತದೆ ಮೇದಿನಿ.”

“ನಾನು ಸಣ್ಣೋಳಿರ್ಬೇಕಾದ್ರೆ ತಿಂಗ್ಳುಗಟ್ಲೆ ಉತ್ತರ ಇಲ್ದೇ ಇದ್ದೀ ಅಲ್ದಾ? ಆಗ ನೀನು ಆಮೆ. ಮೊಟ್ಟೆ ಇಟ್ಟು ಹೋದೆ. ನಾನು ಬೆಳ್ದೆ, ಬದುಕ್ಕಂಡೆ. ಈಗ ಬಂದು ಹೇಂಟೆ ಆಗೂಕೆ ಹೊಂಟಿದ್ದಿ. ಯಾವ್ದಾದ್ರೂ ಒಂದಾಗು ಮಾರಾಯ್ತಿ.”

ಮಾತು ಆಡಿದ ಮೇಲೆ ಮೇದಿನಿಗೇ ಅದು ಹೆಚ್ಚಾಯಿತು ಎನ್ನಿಸಿರಬೇಕು. ಅಡುಗೆಮನೆಗೆ ಬಂದು ತಾಯಿಯ ಕೈಯಿಂದ ಸೌಟು ಕಿತ್ತುಕೊಂಡು ಸಾರು ತಿರುವಿದಳು. ಇಂದುಮತಿ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

“ಅಳ್ಬೇಡ ಈಗ. ನಿನ್ನ ಒಂದ್ ಬಾಲ್ದಿ ತಣ್ಣೀರಲ್ಲಿ ಅದ್ದಿ ತೆಗೀಬೇಕು. ಅಜ್ಜಿ ಕೋಳಿಗೆ ಮಾಡ್ತಿತ್ತಲೆ, ಹಾಂಗೆ. ಆಗ ನಿನ್ನ ಕಾವು ಬಿಡ್ತದೆ.”

ಇಂದುಮತಿಯ ಅಳು ನಿಂತಿತು.

ಕೋಳಿ ಸಾಕಿದ ಮನೆಯವರಿಗೆಲ್ಲ ಗೊತ್ತಿರುವ ಸಂಗತಿ ಇದು. ಕೆಲವು ಹೇಂಟೆಗಳಿಗೆ ಹೊತ್ತುಗೊತ್ತಿಲ್ಲದೆ ಕಾವು ಹಿಡಿಯುತ್ತದೆ. ಮೊಟ್ಟೆ ತೆಗೆದರೂ ಖಾಲಿ ಬುಟ್ಟಿಯಲ್ಲೇ ಕೂರುತ್ತವೆ, ತಿನ್ನುವುದಿಲ್ಲ, ಹತ್ತಿರ ಹೋದವರ ಕೈ ಕುಕ್ಕುತ್ತವೆ. ಅಂಥದ್ದನ್ನು ಅಜ್ಜಿ ಬಾವಿಕಟ್ಟೆಗೆ ಒಯ್ದು, ಹೊಟ್ಟೆಯ ಭಾಗ ಮುಳುಗುವಂತೆ ತಣ್ಣೀರಿನಲ್ಲಿ ಅದ್ದುತ್ತಿದ್ದಳು. ಎದೆಯ ಬಿಸಿ ಆರಬೇಕು, ಅಷ್ಟೇ. ಎರಡು ಮೂರು ಬೆಳಿಗ್ಗೆ ಹಾಗೆ ಮಾಡಿದರೆ ಹೇಂಟೆ ಅವಮಾನವಾದವರ ಹಾಗೆ ಮೈ ಕೊಡವಿಕೊಂಡು ಹೋಗಿ ಕಾಳು ಹೆಕ್ಕತೊಡಗುತ್ತಿತ್ತು. ಚಿಕ್ಕಂದಿನಲ್ಲಿ ಇಂದುಮತಿಯೇ ಎಷ್ಟೋ ಸಲ ಹೇಂಟೆಯ ರೆಕ್ಕೆ ಹಿಡಿದುಕೊಂಡು ನಿಂತಿದ್ದಳು. ಮುಖ್ಯವಾದ ಮಾತೆಂದರೆ, ಆ ಹೇಂಟೆಗೆ ತಾಯ್ತನ ಮರೆಯುತ್ತಿರಲಿಲ್ಲ. ಮುಂದಿನ ಸಲ ಮೊಟ್ಟೆ ಇಟ್ಟರೆ ಮತ್ತೆ ಕೂರುತ್ತಿತ್ತು. ತಾನು ಮಾಡಿದ ಯಂತ್ರವೂ ಕಾವು ಕಲಿತದ್ದು ಹಕ್ಕಿಯಿಂದಲೇ ಅಲ್ಲವೇ? ಕಾವು ಬಿಡುವುದನ್ನೂ ಅದರ ತೊಗಲು ಅಲ್ಲಿಯೇ ಕಲಿತಿರಬೇಕು. ಇಷ್ಟು ವರ್ಷ ಕಾವು ಹಿಡಿಸುವ ಯೋಚನೆಯಲ್ಲಿದ್ದವಳಿಗೆ ಕಾವು ಬಿಡಿಸುವುದು ಹೊಳೆದಿರಲೇ ಇಲ್ಲ.

“ಎಂತ ನೋಡ್ತಾ ನಿಂತೆ?” ಎಂದಳು ಮೇದಿನಿ. “ನಾನು ತಮಾಷೆಗೆ ಹೇಳಿದ್ದು.”

ಮರುದಿನ ಬೆಳಿಗ್ಗೆ ಮರಿಮನೆಯ ಅಂಗಳಕ್ಕೆ ದೊಡ್ಡ ಟಬ್ಬು ಬಂತು. ಉಪ್ಪುನೀರು ತೊಗಲಿಗೆ ಆಗದೆಂದು ಮಾಲತಿ ಬಾವಿಯಿಂದ ಸಿಹಿನೀರು ಸೇದಿ ಸುರಿದಳು. ಇಬ್ಬರೂ ಸೇರಿ ಹೇಂಟೆಯನ್ನು ಎತ್ತಿ ಎದೆಯ ತನಕ ನೀರಿನಲ್ಲಿ ಇಳಿಸಿದರು. ಹೇಂಟೆ ಚೀರಿತು. ಹದ್ದು ಮೇಲೆರಗಿದಾಗ ಮುದಿ ಹೆಣ್ಣುಗಳು ಮಾಡುತ್ತಿದ್ದ ಸದ್ದು ಅದು. ಆ ಹೆಣ್ಣುಗಳು ಸತ್ತ ಮೇಲೆ ಇಂದುಮತಿ ಆ ಸದ್ದನ್ನು ಇಷ್ಟು ಜೋರಾಗಿ ಕೇಳಿರಲಿಲ್ಲ. ಆದರೂ ಅವಳು ಕೈ ಬಿಡಲಿಲ್ಲ.

ಕಟ್ಟಿಯವರು ಕಾರಿನಿಂದ ಇಳಿದದ್ದು ಆಗಲೇ. “ಏನ್ರೀ ಇದು? ಯಂತ್ರಕ್ಕ ಎಣ್ಣಿ-ನೀರು ಹಾಕ್ಲಿಕತ್ತೀರಿ?”

“ಕಾವು ಬಿಡಿಸ್ತಾ ಇದ್ದೇವೆ ಸಾರ್.”

“ಇದನ್ನ ಯಾವ ಜರ್ನಲ್‌ನ್ಯಾಗ ಓದೀರಿ?”

“ನಮ್ಮ ಅಮ್ಮನ ಬಾವಿಕಟ್ಟೆಯಲ್ಲಿ,” ಎಂದಳು ಇಂದುಮತಿ. ಕಟ್ಟಿಯವರ ಮನೆಯಲ್ಲಿ ಯಾರೂ ಕೋಳಿ ಸಾಕಿದವರಲ್ಲ. ಅವರು ಟಬ್ಬಿಗೆ ಒಂದು ಸುತ್ತು ಬಂದು ಮತ್ತೆ ಕಾರು ಹತ್ತಿದರು.

ಮೂರನೆಯ ಬೆಳಿಗ್ಗೆ ತೆರೆಯ ಮೇಲಿನ ಕೆಂಪು ಅಂಚಿನಿಂದ ಕರಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ಎದೆಯೆಲ್ಲ ತಿಳಿ ಹಸಿರಾಗಿತ್ತು. ಹೇಂಟೆ ಕರೆಯುವುದನ್ನು ನಿಲ್ಲಿಸಿತು. ಅದನ್ನು ತಂದು ಮರಳಿನ ತೊಟ್ಟಿಯ ಮೇಲೆ, ಒದ್ದೆ ಗೋಣಿಯ ಮೇಲೆ ಕೂರಿಸಿದರು. ಅದು ಕೂತಿತು. ಮೊಟ್ಟೆಯ ಕಡೆ ಗಮನವೇ ಇಲ್ಲದೆ, ಬಸ್ಸಿಗೆ ಕಾಯುವವರ ಹಾಗೆ ಕೂತಿತು. ಸಮಿತಿಯವರು ಬಂದರು, ನೋಡಿದರು, ಫೋಟೋ ತೆಗೆಸಿಕೊಂಡರು. ಮರಳು ಬೇಕಾದಷ್ಟು ತಂಪಾಗಿತ್ತು. ಗೋಣಿಚೀಲ ಫೋಟೋದಲ್ಲಿ ಬರಲಿಲ್ಲ.

ವಾರಗಳು ಕಳೆದವು. ಇಂದುಮತಿ ದಿನವೂ ಹೇಂಟೆಗೆ ತಣ್ಣೀರು ಹಾಕಿದಳು. ಅವಳಿಗೆ ಉಳಿದಿದ್ದ ಹೆದರಿಕೆ ಒಂದೇ. ಹೊರಗೆ ಬರುವ ಮೊದಲು ಆಮೆ ಮರಿಗಳೂ ಚಿಪ್ಪಿನೊಳಗಿನಿಂದ ಸದ್ದು ಮಾಡುತ್ತವೆ. ಅದು ತಾಯಿಗಲ್ಲ, ಒಂದಕ್ಕೊಂದು. ಎಲ್ಲರೂ ಒಟ್ಟಿಗೆ ಹೊರಡೋಣ ಎಂದು ಹೇಳಿಕೊಳ್ಳುವ ಸದ್ದು. ಅದು ಕಿವಿಗೆ ಬಿದ್ದರೆ ಹೇಂಟೆ ಏನು ಮಾಡೀತು? ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ತಣ್ಣೀರಿಗೆ ಹೋಗುತ್ತದೆಯೇ?

ಒಂದು ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಮೈಕಿನಲ್ಲಿ ಟಿಕ್ ಟಿಕ್ ಎಂದಿತು. ತೆರೆಯ ಮೇಲೆ ಹೇಂಟೆಯ ಎದೆ ಒಮ್ಮೆಗೇ ಕೆಂಪಾಯಿತು. ಇಂದುಮತಿ ಓಡಿ ಹೋಗಿ ಅದನ್ನು ಎತ್ತಿ ಆಚೆ ಮರಳಿನ ಮೇಲೆ ಇಟ್ಟಳು. ಮರಳಿನಡಿ ಚಿಪ್ಪುಗಳು ಆಗಲೇ ಒಡೆದಿದ್ದವು, ಇನ್ನು ಹೊರಳಿಸಲು ಮೊಟ್ಟೆ ಉಳಿದಿರಲಿಲ್ಲ. ಮರಳು ಕುಸಿಯಿತು, ಒಂದು ಕರಿಯ ಮೂತಿ ಕಂಡಿತು, ಆಮೇಲೆ ಕುದಿವ ಗಂಜಿಯ ಹಾಗೆ ಮರಿಗಳು ಉಕ್ಕಿ ಬಂದವು. ಮಾಲತಿ ತೊಟ್ಟಿಯ ಬಾಗಿಲು ತೆಗೆದಳು.

ಹೇಂಟೆ ರೆಕ್ಕೆಯ ಲಂಗ ಅಗಲಿಸಿ ಕರೆಯಿತು. ಮರಿಗಳು ಅದರ ಎಡಕ್ಕೂ ಬಲಕ್ಕೂ ಹರಿದು, ಬೆಳಕಿದ್ದ ಕಡೆ, ಸಮುದ್ರದ ಕಡೆ ಹೋದವು. ಅದು ಎರಡನೆಯ ಸಲ ಕರೆಯಿತು. ಒಂದು ಮರಿ ಲಂಗದ ಅಂಚನ್ನು ತುಳಿದುಕೊಂಡೇ ಹೋಯಿತು. ಮೂರನೆಯ ಕರೆಯ ಹೊತ್ತಿಗೆ ಮೊದಲ ಮರಿಗಳನ್ನು ಅಲೆ ಎತ್ತಿಕೊಂಡಿತ್ತು.

ಓಗೊಡದವು ಸತ್ತವು ಎಂಬುದು ಹೇಂಟೆಯ ಕಲಿಕೆ. ಇವು ಓಗೊಡಲಿಲ್ಲ. ಆದರೆ ಇವು ಬದುಕಿದ್ದವು, ಅವುಗಳ ಸದ್ದನ್ನು ಅದೇ ಎದೆ ಕೇಳಿತ್ತು, ಅವುಗಳ ಕಾಲು ಅದರ ಮೇಲೇ ಹಾದುಹೋಗಿತ್ತು. ಹೇಂಟೆ ಲಂಗ ಅಗಲಿಸಿಕೊಂಡೇ ಬಹಳ ಹೊತ್ತು ಕೂತಿತ್ತು. ಮತ್ತೆ ಕರೆಯಲಿಲ್ಲ. ಆಮೇಲೆ ಲಂಗವನ್ನು ಮಡಿಸಿಕೊಂಡಿತು. ತೆರೆಯ ಮೇಲೆ ಎದೆಯ ನಡುವೆ ಹೊಸ ಎಳೆಗಳ ಗಂಟೊಂದು ಮೂಡಿತ್ತು. ಇಂದುಮತಿ ಹಿಂದೆಂದೂ ಕಾಣದ ಬಣ್ಣ ಅದಕ್ಕಿತ್ತು.

“ಗಂಡು ಎಷ್ಟು ಹೋದ್ವು ಅಕ್ಕೋರೆ?” ಎಂದಳು ಮಾಲತಿ, ಮರಳು ಕೊಡವಿಕೊಳ್ಳುತ್ತ.

“ಮೇಲಿಂದ ನೋ‍ಡಿದ್ರೆ ಈಗ ಗೊತ್ತಾಗುದಿಲ್ಲ. ದೊಡ್ಡವಾಗ್ಬೇಕು. ಅಷ್ಟೊತ್ತಿಗೆ ನಂಗೆ ನಿಂಗೆ ತಲೆ ಹಣ್ಣಾಗಿರ್ತದೆ.”

“ಗಂಡು ಬೇರೆ, ದಡ ಹತ್ತುದೇ ಇಲ್ಲ,” ಎಂದಳು ಮಾಲತಿ. “ನಮ್ಗೆ ಗೊತ್ತಾಗುದೇ ಇಲ್ಲ ಹಂಗಾರೆ.”

ಮರಿಗಳು ಹೋದ ಸಂತೋಷ ಇಂದುಮತಿಗೆ ಅರ್ಧ ದಿನವೂ ಉಳಿಯಲಿಲ್ಲ. ಹೇಂಟೆ ಕೆಟ್ಟಿತೋ ಏನೋ ಎಂಬ ದಿಗಿಲು ಹಿಡಿಯಿತು. ಬೇಸಿಗೆಯಲ್ಲಿ ಅದನ್ನು ಕರೆದುಕೊಂಡು ಹಿಮಾಲಯಕ್ಕೆ ಹೋದಾಗಲೂ ಆ ಗಂಟು ಹಾಗೇ ಇತ್ತು. ಹುಲ್ಲಿನ ಗೂಡಿನಲ್ಲಿ ಫೆಸೆಂಟ್ ಮೊಟ್ಟೆಗಳನ್ನಿಟ್ಟು ಹೇಂಟೆಯನ್ನು ಕೂರಿಸಿದಳು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ತೆರೆ ಹಸಿರಾಗಿಯೇ ಇತ್ತು. ಅವಳು ಊಟ ಮಾಡಲಿಲ್ಲ. ತಾನೇ ನೀರಿನಲ್ಲಿ ಅದ್ದಿ ಆ ಮುದಿ ಹೆಣ್ಣುಗಳನ್ನೆಲ್ಲ ಎರಡನೆಯ ಸಲ ಕೊಂದೆ ಎಂದುಕೊಂಡಳು. ಸಂಜೆಯ ಹೊತ್ತಿಗೆ ಎದೆಯ ಅಂಚಿನಲ್ಲಿ ಕೆಂಪು ಮೂಡಿತು. ಹೇಂಟೆ ಒಂದು ಮೊಟ್ಟೆಯನ್ನು ಮೆಲ್ಲಗೆ ಹೊರಳಿಸಿ, ಸಣ್ಣ ದನಿಯಲ್ಲಿ ಕರೆಯಿತು.

ಮರಿಗಳಾದವು. ಹದ್ದು ಬಂದಾಗ ಅಡಗಿದವು, ಹೋದಾಗ ಹೊರಬಂದವು, ಎಲ್ಲ ಹಿಂದಿನಂತೆಯೇ. ಮಳೆಗಾಲದ ಕೊನೆಯಲ್ಲಿ ಒಂದು ದಿನ ಒಂದು ಮರಿ ಹುಲ್ಲಿನಾಚೆ ದೂರ ಹೋಯಿತು. ಹೇಂಟೆ ಕರೆಯಿತು. ಮರಿ ಬರಲಿಲ್ಲ. ಎರಡನೆಯ ಸಲ ಕರೆಯಿತು. ಪೊದೆಯ ಹಿಂದೆ ಹುಲ್ಲು ಅಲುಗಿತು, ಮರಿ ಅಲ್ಲೇ ಇತ್ತು, ಬರಲಿಲ್ಲ. ಇಂದುಮತಿ ಮೂರನೆಯ ಕರೆಗೆ ಕಾದಳು. ಹೇಂಟೆ ಕರೆಯಲಿಲ್ಲ. ಲಂಗ ಮಡಿಸಿಕೊಂಡಿತು. ತೆರೆಯ ಮೇಲೆ ಆ ಗಂಟಿನ ಎಳೆಗಳು ಹೊಳೆಯುತ್ತಿದ್ದವು. ಅದರ ಮರುದಿನ ಇನ್ನೊಂದು ಮರಿ ಹೋಯಿತು, ಆಮೇಲೆ ಮತ್ತೆರಡು. ಹಿಮ ಬೀಳುವ ಮೊದಲೇ ಹೇಂಟೆಯ ಲಂಗದಡಿ ಖಾಲಿಯಾಗಿತ್ತು.

ಆ ಚಳಿಗಾಲ ಕರಾವಳಿಯ ಮೊಟ್ಟೆಗಳಿಗೆ ಗೋಣಿಚೀಲ, ಚಪ್ಪರ ಸಾಕೆಂದು ಒಪ್ಪಿಗೆ ಪಡೆದು, ಮಾಲತಿಗೆ ವಹಿಸಿ, ಇಂದುಮತಿ ಗುಡ್ಡದ ಮೇಲೆಯೇ ಉಳಿದಳು. ಹಿಮ ಕರಗತೊಡಗಿದ ಮೇಲೆ ದಿನವೂ ನಸುಕಿಗೆ ಎದ್ದು ಗುಡ್ಡದ ನೆತ್ತಿಗೆ ಹೋಗಿ ಕೂರುತ್ತಿದ್ದಳು. ಕಣಿವೆ ಸದ್ದಿಲ್ಲದೆ ಬಿದ್ದಿರುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಎದುರು ಗುಡ್ಡದ ಹುಲ್ಲಿನಿಂದ ಚೀರ್ ಫೆಸೆಂಟ್ ಕೂಗಿತು. ಕೆಳಗಿನ ಇಳಿಜಾರಿನಿಂದ ಇನ್ನೊಂದು ಓಗೊಟ್ಟಿತು. ಆಮೇಲೆ ಮತ್ತೊಂದು. ಇಷ್ಟು ವರ್ಷಗಳಲ್ಲಿ ಚಳಿಗಾಲ ದಾಟಿದ ಮೊದಲ ಹಕ್ಕಿಗಳು. ಇಂದುಮತಿ ಅಂದೂ ಮರುದಿನವೂ ಅಲ್ಲಿಯೇ ಕೂತು ಕೇಳಿದಳು.

ಕಟ್ಟಿಯವರಿಗೆ ತಿಳಿಸಿದಾಗ ಅವರು ಫೋನಿನಲ್ಲಿ ಗಟ್ಟಿಯಾಗಿ ನಕ್ಕರು. “ನಾ ಹೇಳಿದ್ನಿಲ್ರೀ? ತತ್ತಿ ಅಂದ್ರ ತತ್ತಿ! ಆಮಿ ಸಾಲಿಗೆ ಕಳಿಸಿದ್ದಕ್ಕ ನಿಮ್ಮ ಕೋಳಿ ಶಾಣ್ಯಾ ಆತು. ವರದಿಯೊಳಗ ನನ್ನ ಹೆಸರು ಹಾಕೋದು ಮರೀಬ್ಯಾಡ್ರಿ.” ಇಂದುಮತಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಿಳಿಯದೆ ಮಾಡಿದ್ದಾದರೂ ಮಾಡಿದ್ದು ಅವರೇ. ಹೆಸರು ಹಾಕುತ್ತೇನೆ ಎಂದಳು.

ಅವರ ಮಾತು ಮುಗಿದು ಫೋನನ್ನು ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ಅದು ಮತ್ತೆ ಬಡಿದುಕೊಂಡಿತು. ಮೇದಿನಿ.

“ಅಮ್ಮ? ಎರಡು ದಿನ ಆಯ್ತು, ನಿಂದು ಒಂದು ಫೋನೂ ಇಲ್ಲ. ಬದುಕಿದ್ದೀ ಅಲ್ದಾ?”

ಆಗಲೇ ಇಂದುಮತಿಗೆ ಹೊಳೆದದ್ದು. ಹಕ್ಕಿಗಳನ್ನು ಕೇಳುತ್ತ ಕೂತವಳಿಗೆ ಎರಡು ದಿನದಿಂದ ಮಗಳಿಗೆ ಫೋನ್ ಮಾಡುವುದೇ ಮರೆತುಹೋಗಿತ್ತು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಫೋನಿನ ಆ ತುದಿಯಲ್ಲಿ ಸಮುದ್ರದ ಗಾಳಿ, ದೋಣಿಯ ಇಂಜಿನ್ನಿನ ಸದ್ದು ಕೇಳುತ್ತಿತ್ತು.

“ಅಮ್ಮಾ?” ಎಂದಳು ಮೇದಿನಿ ಎರಡನೆಯ ಸಲ. ಆಮೇಲೆ ದನಿ ಎತ್ತರಿಸಿ ಮೂರನೆಯ ಸಲ, “ಅಮ್ಮಾ!”

“ಇದ್ದೇನೆ,” ಎಂದಳು ಇಂದುಮತಿ.

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು.

“ಊಟ ಆಯ್ತಾ?” ಎಂದು ಕೇಳಿದಳು ಮೇದಿನಿ.